ಹೆಚ್ಚಿನ ಚಿಕಿತ್ಸೆಗಾಗಿ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾವಗಡದ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಎರಡು ವರ್ಷ ಡಾಕ್ಟರಾಗಿದ್ದೆ. ಆ ಎರಡು ವರ್ಷದಲ್ಲಿ ನನ್ನ ಕೈಯಲ್ಲಿ ಒಬ್ಬರೂ ಸತ್ತಿಲ್ಲ. ಬೇಕಿದ್ದರೆ ರಿಜಿಸ್ಟರ್ ತೆಗೆದು ನೋಡಬಹುದು. ನೀವು ಭೇಷ್ ಎನ್ನುವ ಮೊದಲು ಉಳಿದದ್ದನ್ನೂ ಹೇಳಬೇಕು. ಸಾಯುವವರೆಲ್ಲ ದಾರಿಯಲ್ಲಿ ಸಾಯುತ್ತಿದ್ದರು. ಕೆಲವರು ಮಧುಗಿರಿಯಲ್ಲಿ, ಕೆಲವರು ಕೊರಟಗೆರೆ ದಾಟಿ, ಗಟ್ಟಿಗರು ದೊಡ್ಡಾಸ್ಪತ್ರೆಯ ಗೇಟಿನವರೆಗೂ ಹೋಗಿ. ಕಾಗದದ ಪ್ರಕಾರ ಹಾಗೆ. ನಿಜದಲ್ಲಿ ಅವರಲ್ಲಿ ಕೆಲವರು ನನ್ನ ಕಣ್ಣೆದುರಿಗೇ ಸತ್ತಿದ್ದರು. ನಾನು ಹೇಳುತ್ತಿರಲಿಲ್ಲ, ಅಷ್ಟೆ.

ಹೇಳದೆ ಇರುವುದಕ್ಕೂ ಒಂದು ಕ್ರಮವಿದೆ. ಇಸಿಜಿ ಕಾಗದದಲ್ಲಿ ಗೆರೆ ನೆಟ್ಟಗೆ ಬಂದಿರುತ್ತದೆ. ಎದೆ ಒತ್ತಿ ಒತ್ತಿ ನನ್ನ ತೋಳು ಬಿದ್ದುಹೋಗಿರುತ್ತದೆ. ಬಾಗಿಲಾಚೆ ಇಪ್ಪತ್ತು ಮೂವತ್ತು ಜನ. ಆಗ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿ, ಹೊರಗೆ ಬಂದು, "ನಾಡಿ ತುಂಬಾ ವೀಕಿದೆ, ತಡ ಮಾಡಬೇಡಿ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ" ಎನ್ನುತ್ತಿದ್ದೆ. ಚೀಟಿಯಲ್ಲೂ ನಾಡಿ ವೀಕಿದೆ ಎಂದೇ ಬರೆದು, ಕೆಳಗೆ 'ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ' ಎಂದು ಸೇರಿಸುತ್ತಿದ್ದೆ. ಸತ್ತವರಿಗೆ ಕೊಡಬಹುದಾದ ಹೆಚ್ಚಿನ ಚಿಕಿತ್ಸೆ ಯಾವುದಮ್ಮ ಎಂದು ಯಾರೂ ಫೋನ್ ಮಾಡಿ ಕೇಳಲಿಲ್ಲ. ಇದು ನಾನು ಕಂಡುಹಿಡಿದ ವಿದ್ಯೆಯಲ್ಲ. ನನಗಿಂತ ಮೊದಲಿದ್ದ ಡಾಕ್ಟರು ಚಾರ್ಜ್ ಕೊಡುವ ದಿನವೇ, "ಸಾವು ನಮ್ಮ ಕಾಂಪೌಂಡ್ ಒಳಗೆ ಆಗಬಾರದು ನೋಡಮ್ಮ" ಎಂದು ಹೇಳಿಕೊಟ್ಟಿದ್ದರು. ಅವರು ಒಂದು ಸಲ ನಿಜ ಹೇಳಿ ಏಟು ತಿಂದಿದ್ದರು. ಆಗ ಒಡೆದ ಕಿಟಕಿಗೆ ಗಾಜು ಹಾಕಿಸಿರಲಿಲ್ಲ, ರಟ್ಟು ಹೊಡೆದಿದ್ದರು.

ನಮ್ಮಪ್ಪ ಶಿರಾದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಹಾಗಾಗಿ ಪದಗಳಿಗೆ ನನಗೆ ಬರವಿಲ್ಲ. ಕಾಲವಾದರು, ತೀರಿಕೊಂಡರು, ದೈವಾಧೀನರಾದರು, ಶಿವನ ಪಾದ ಸೇರಿದರು, ವೈಕುಂಠವಾಸಿಗಳಾದರು, ಇಹಲೋಕ ತ್ಯಜಿಸಿದರು. ಒಂದು ಸಾವಿಗೆ ಕನ್ನಡ ಎಷ್ಟು ಬಟ್ಟೆ ಹೊಲಿಸಿಟ್ಟಿದೆ ನೋಡಿ. ಆದರೆ ಕ್ಯಾಶುಯಾಲ್ಟಿಯ ಬಾಗಿಲಲ್ಲಿ ನಿಂತಾಗ ಒಂದೂ ಮೈಗೆ ಹೊಂದುತ್ತಿರಲಿಲ್ಲ. 'ಕಾಲವಾದರು' ಎಂದರೆ ಪೇಪರಿನಲ್ಲಿ ಫೋಟೋ ಹಾಕಿಸಿದ ಹಾಗಿರುತ್ತದೆ. ಕೈಲಾಸವೋ ವೈಕುಂಠವೋ ಎನ್ನುವುದಕ್ಕೆ ಹಣೆ ನೋಡಬೇಕು. 'ತೀರಿಕೊಂಡರು' ಎನ್ನಲು ಸ್ವಲ್ಪ ವಯಸ್ಸಾಗಿದ್ದರೆ ಚೆನ್ನ. 'ಸತ್ತ' ಎಂದರೆ ಬೈದ ಹಾಗೆ. ಸರಿಯಾದ ಪದ ಸಿಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಪದ ಒಂದು ನೆಪ. ಇಲ್ಲದೆ ಇದ್ದದ್ದು ಧೈರ್ಯ.

ಹೀಗಿರುವಾಗ ಪಿ.ಜಿ. ಪ್ರವೇಶ ಪರೀಕ್ಷೆ ಬರೆದೆ. ಊರಿಗೆಲ್ಲ ಹೇಳಿಕೊಂಡು ತಿರುಗುವಂಥದೂ ಅಲ್ಲದ, ಬಚ್ಚಿಡುವಂಥದೂ ಅಲ್ಲದ ಒಂದು ರ‍್ಯಾಂಕ್ ಬಂತು. ಇನ್ನು ಆಯ್ಕೆ ಪಟ್ಟಿ. ಯಾವ ಕಾಲೇಜು, ಯಾವ ವಿಭಾಗ ಬೇಕೆಂದು ಒಂದರ ಕೆಳಗೊಂದು ಸೇರಿಸಿ, ಗಡುವಿನೊಳಗೆ ಲಾಕ್ ಮಾಡಬೇಕು. ಆಮೇಲೆ ಕಂಪ್ಯೂಟರ್ ನಮ್ಮ ರ‍್ಯಾಂಕ್ ನೋಡಿಕೊಂಡು ಮೇಲಿನಿಂದ ಕೆಳಗೆ ಇಳಿಯುತ್ತಾ ಯಾವುದಾದರೂ ಒಂದನ್ನು ಕೈಗೆ ಕೊಡುತ್ತದೆ. ಕೊರಟಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ನಮ್ಮ ಸೋದರಮಾವನಿಗೆ ಚರ್ಮದ ವಿಭಾಗದ ಮೇಲೆ ಬಹಳ ಭಕ್ತಿ. "ಅದರಲ್ಲಿ ಯಾರೂ ಸಾಯಲ್ಲ, ಯಾರಿಗೂ ಪೂರ್ತಿ ವಾಸಿನೂ ಆಗಲ್ಲ. ಇನ್ನೇನಮ್ಮ ಬೇಕು?" ಎಂದರು. ನಾನು ಎಮರ್ಜೆನ್ಸಿ ಮೆಡಿಸಿನ್ ಎಂದೆ. "ಅಂದ್ರೆ ಕ್ಯಾಶುಯಾಲ್ಟಿನಾ? ಈಗ ಮಾಡ್ತಿರೋದೂ ಅದೇ ಅಲ್ವಾ? ಅದಕ್ಕೆ ಇನ್ನೂ ಮೂರು ವರ್ಷ ಓದ್ಬೇಕಾ?" ಎಂದು ಕೇಳಿದರು. ನಾನು ಕಾಫಿ ಕುಡಿದೆ.

ಕೇಳಿದವರಿಗೆಲ್ಲ ನಾನು ಒಂದು ಒಳ್ಳೆಯ ಕಾರಣ ಹೇಳುತ್ತಿದ್ದೆ. ನಮ್ಮ ಕಡೆ ಊರುಗಳು ದೂರ, ಹಾವು ಕಡಿತ ಹೆಚ್ಚು, ಬೈಕಿನಿಂದ ಬೀಳುವವರು ಹೆಚ್ಚು, ತಕ್ಷಣ ನೋಡುವವರು ಬೇಕು. ಎಲ್ಲ ನಿಜ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಯಾವ ರೋಗಿಯೂ ಎಮರ್ಜೆನ್ಸಿಯಲ್ಲೇ ಉಳಿದುಕೊಳ್ಳುವುದಿಲ್ಲ. ಎದೆ ನೋವಿನವರು ಹೃದಯದವರ ಪಾಲಿಗೆ, ಕಾಲು ಮುರಿದವರು ಮೂಳೆಯವರ ಪಾಲಿಗೆ ಹೋಗುತ್ತಾರೆ. ಇಡೀ ವಿಭಾಗವೇ ಮುಂದಕ್ಕೆ ಕಳಿಸುವುದರ ಮೇಲೆ ನಿಂತಿದೆ ಎಂದುಕೊಂಡಿದ್ದೆ. ಇದಕ್ಕಿಂತ ನನಗೆ ಹೇಳಿ ಮಾಡಿಸಿದ ವಿಭಾಗ ಇನ್ನಾವುದಿದೆ?

ಕಾಲೇಜುಗಳನ್ನು ಮೇಲೆ ಕೆಳಗೆ ಮಾಡುವ ಕೆಲಸ ಶುರುವಾಯಿತು. ನಮ್ಮ ಬ್ಯಾಚಿನವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಪುಣ್ಯಾತ್ಮ ದೊಡ್ಡ ಕೋಷ್ಟಕವನ್ನೇ ಹಾಕಿದ್ದ. ಸ್ಟೈಪೆಂಡ್, ಬಾಂಡ್, ವೆಂಟಿಲೇಟರ್ ಎಷ್ಟು, ಒಂದೇ ಸಮ ಎಷ್ಟು ಗಂಟೆ ಡ್ಯೂಟಿ, ವಿಭಾಗದ ಮುಖ್ಯಸ್ಥರು ರೋಗಿಗಳ ಮುಂದೆ ಬೈಯುತ್ತಾರೋ ರೂಮಿಗೆ ಕರೆದು ಬೈಯುತ್ತಾರೋ. ಅಲ್ಲಿ ಓದುತ್ತಿರುವ ಸೀನಿಯರ್‌ಗಳಿಗೆ ಫೋನ್ ಮಾಡಿದರೆ ಪ್ರತಿಯೊಬ್ಬರೂ "ನರಕ ಕಣೇ" ಎನ್ನುತ್ತಿದ್ದರು. ಕೊನೆಗೆ "ಆದ್ರೂ ಬಾ" ಎನ್ನುತ್ತಿದ್ದರು. ಮದುವೆಯಾದವರು ಮದುವೆಯ ಬಗ್ಗೆ ಮಾತಾಡುವುದೂ ಹೀಗೆಯೇ. ನಮ್ಮ ಆಂಬುಲೆನ್ಸ್ ಡ್ರೈವರ್ ರಂಗಪ್ಪನದು ಬೇರೆಯೇ ಲೆಕ್ಕ. "ಮೇಡಂ, ಓದೋದು ಆಮ್ಯಾಕೆ. ಗೇಟು ನೋಡ್ರಿ ಮೊದ್ಲು. ನಾನು ಹಾರನ್ ಹೊಡುದ್ರೆ ಸ್ಟ್ರೆಚರ್ ತಾನೇ ಈಚೆಗೆ ಬತ್ತೈತಾ, ಇಲ್ಲ ನಾನೇ ಒಳಕ್ಕೋಗಿ ಹುಡುಕ್ಬೇಕಾ, ಅಷ್ಟೇಯ" ಎಂದ. ಎಲ್ಲರ ಮಾತನ್ನೂ ಕೂಡಿ ಕಳೆದು ಇಪ್ಪತ್ತೆರಡು ಹೆಸರಿನ ಪಟ್ಟಿ ಮಾಡಿದೆ. ಮೊದಲ ಮೂರು ಹೆಸರು ಕಂಡರೆ ಯಾರಾದರೂ ಹೌದು ಎನ್ನಬೇಕು, ಹಾಗಿದ್ದವು.

ಲಾಕ್ ಮಾಡುವ ಕೊನೆಯ ದಿನ ಬೆಳಗ್ಗೆ ತಿಮ್ಮಕ್ಕ ಬಂದಳು. ತಿರುಮಣಿ ಕಡೆಯ ಕುರಿ ಸಾಕುವ ಮನೆಯವಳು. ಎರಡು ತಿಂಗಳ ಹಿಂದೆ ಅವಳ ಗಂಡ ಚಿಕ್ಕಣ್ಣ ಎದೆ ಹಿಡಿದುಕೊಂಡು ಕುರಿಗಳ ನಡುವೆಯೇ ಬಿದ್ದಿದ್ದ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು. ಅರ್ಧ ಗಂಟೆ ಎದೆ ಒತ್ತಿದೆ. ಗೆರೆ ನೆಟ್ಟಗೇ ಇತ್ತು. ಮಾಸ್ಕ್ ಕಟ್ಟಿ ರಂಗಪ್ಪನ ಗಾಡಿಯಲ್ಲಿ ಕಳಿಸಿದ್ದೆ. ಅವಳ ಜೊತೆಗೆ ಮೈದುನ ನಾಗರಾಜನೂ ಬಂದಿದ್ದ. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ ಅವನದು. ಅವನು ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕೂತ.

ತಿಮ್ಮಕ್ಕ ಸೆರಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ದೊಡ್ಡಾಸ್ಪತ್ರೆಯವರು 'ಕರೆತರುವಾಗಲೇ ಮೃತಪಟ್ಟಿದ್ದರು' ಎಂದು ಬರೆದುಕೊಟ್ಟದ್ದು. ಆ ಆಸ್ಪತ್ರೆಯ ಮೆಡಿಕಲ್ ಕಾಲೇಜು ನನ್ನ ಪಟ್ಟಿಯಲ್ಲಿ ನಾಲ್ಕನೆಯದು.

"ಡಾಕ್ಟ್ರಮ್ಮ, ಒಂದು ಮಾತು ಕೇಳಾನ ಅಂತ ಬಂದೆ. ಇಲ್ಲಿಂದ ಹೊಂಟಾಗ ಉಸ್ರಿತ್ತು ಅಲ್ವಾ? ಬಾಯೆಲ್ಲ ಒಣಗೋಗಿತ್ತು. ಮಧುಗಿರಿ ತಾವ ನಾನೇ ಗಾಡಿ ನಿಲ್ಲಿಸ್ದೆ. ಎಳನೀರು ತರಿಸಿ ಬಾಯಿಗೆ ಬುಟ್ಟೆ. ಒಳಕ್ಕೆ ಇಳೀಲಿಲ್ಲ, ಎಲ್ಲಾ ಕತ್ತಿಗೆ ಹರೀತು. ಅದು ನೆತ್ತಿಗೇರಿ ಸತ್ತ ಅಂತಾರೆ ಮನೇಲಿ. ಗಾಡಿ ನಿಲ್ಲಿಸ್ದೆ ಇದ್ದಿದ್ರೆ ಬದುಕ್ತಿದ್ದ ಅಂತಾರೆ."

"ಅಲ್ಲಿ ಏನು ಹೇಳಿದರು?" ಎಂದು ಕೇಳಿದೆ.

"ಅಲ್ಲೊಬ್ಬ ಹುಡುಗಿ, ನಿಮ್ಮಂಗೇ ಡಾಕ್ಟ್ರು. ಬಂದು ನನ್ನ ಪಕ್ಕದಾಗೆ ನೆಲದ ಮ್ಯಾಲೆ ಕುಂತ್ಕಂಡ್ಳು. ಅಮ್ಮ, ನಿಮ್ಮೆಜಮಾನ್ರು ತೀರ್ಕಂಡವ್ರೆ, ದಾರೀಲೇ ಹೋಗ್ಬುಟ್ಟವ್ರೆ ಅಂದ್ಳು. ನಾನು ಅಳೋವಷ್ಟೊತ್ತೂ ಎದ್ದೋಗ್ಲಿಲ್ಲ. ಆದ್ರೆ ದಾರೀಲಿ ಅಂದ್ರೆ ಯಾವ ತಾವ ಅಂತ ನಂಗೆ ಕೇಳೋಕೆ ಹೊಳೀಲಿಲ್ಲ. ಮಧುಗಿರಿಗಿಂತ ಮುಂಚೇನಾ, ಆಮ್ಯಾಕಾ? ಅದು ನಿಮ್ಗೆ ಗೊತ್ತಿರ್ತದೆ ಅಂತ ಬಂದೆ."

ಆ ಹುಡುಗಿ ನನ್ನ ವಯಸ್ಸಿನವಳೇ ಇರಬೇಕು. ನಾನು ಎರಡು ವರ್ಷ ಹುಡುಕುತ್ತಿದ್ದ ಪದ ಅವಳಿಗೆ ನೆಲದ ಮೇಲೆ ಕೂತ ತಕ್ಷಣ ಸಿಕ್ಕಿತ್ತು. ಆದರೆ ಅವಳ ಕೈಯಲ್ಲಿದ್ದದ್ದು ನನ್ನ ಚೀಟಿ. ಅದರಲ್ಲಿ ನಾಡಿ ವೀಕಿದೆ ಎಂದಿತ್ತು. ಅದನ್ನು ನಂಬಿ ಅವಳು 'ದಾರಿಯಲ್ಲಿ' ಎಂದಳು. ಆ ಒಂದು ಮಾತನ್ನು ಕಟ್ಟಿಕೊಂಡು ತಿಮ್ಮಕ್ಕ ಎರಡು ತಿಂಗಳಿಂದ ಗಂಡನನ್ನು ಕೊಂದವಳಾಗಿ ಬದುಕುತ್ತಿದ್ದಳು. ರಂಗಪ್ಪ ಎಳನೀರಿಗೆ ಗಾಡಿ ನಿಲ್ಲಿಸಿದ್ದೇಕೆ ಎಂದು ನನಗೆ ಗೊತ್ತಿತ್ತು. ಯಾವ ಕೇಸಿಗೆ ಅವಸರವಿಲ್ಲ ಎಂದು ಅವನಿಗೆ ನನ್ನ ಮುಖ ನೋಡಿದರೇ ತಿಳಿಯುತ್ತಿತ್ತು.

"ಎಳನೀರಿನಿಂದ ಏನೂ ಆಗಿಲ್ಲ ತಿಮ್ಮಕ್ಕ, ಸುಮ್ಮನೆ ಮನಸ್ಸಿಗೆ ಹಚ್ಚಿಕೋಬೇಡಿ" ಎಂದೆ. ಸುಲಭದ ದಾರಿ ಯಾವಾಗಲೂ ಮೊದಲು ಕಾಣುತ್ತದೆ.

"ಅದು ನಿಮ್ಗೆಂಗೆ ಗೊತ್ತು? ಗಾಡೀಲಿ ನೀವಿರ್ಲಿಲ್ಲ" ಎಂದಳು. ಜಗಳದ ದನಿಯಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ನಾನು ಹೇಳಿದೆ. "ಗಾಡಿಗೆ ಹತ್ತಿಸುವಾಗಲೇ ಚಿಕ್ಕಣ್ಣ ಇರಲಿಲ್ಲ. ಇಲ್ಲೇ, ಒಳಗಿನ ಟೇಬಲ್ ಮೇಲೆ ತೀರಿಕೊಂಡರು. ನಾನು ನಿಮಗೆ ಹೇಳಲಿಲ್ಲ. ಹೊರಗೆ ಜನ ಇದ್ದರು, ಹೆದರಿದೆ."

"ಅಪ್ಪುಡೇ ಪೋಯಿನಾಡಾ?" ಆಗಲೇ ಹೋಗಿದ್ದನಾ ಎಂದು ತೆಲುಗಿನಲ್ಲಿ ತನ್ನನ್ನೇ ಕೇಳಿಕೊಂಡಳು. ಆಮೇಲೆ, "ಅಷ್ಟು ದೂರ ಅವ್ನ ಕಾಲು ತಿಕ್ಕಂಡು ಹೋದ್ನಲ್ಲ ನಾನು. ಮಾತಾಡ್ಸ್ಕಂಡು ಹೋದ್ನಲ್ಲ. ಮಾತಾಡ್ನಿಲ್ಲ ಅಂತ ಬೈದೆ ಬ್ಯಾರೆ. ಹೇಳಿದ್ದಿದ್ರೆ ಮನೆಗೆ ಕರ್ಕಂಡೋಗ್ತಿದ್ದೆ. ಮನೆ ಹತ್ರವಿತ್ತು" ಎಂದಳು.

ಅವಳು ಬೈಯಲಿ ಎಂದು ಕಾದೆ. ಕೂಗಿದರೆ ಜನ ಸೇರುತ್ತಾರೆ, ಇನ್ನೊಂದು ಕಿಟಕಿ ಹೋಗುತ್ತದೆ, ಅಲ್ಲಿಗೆ ಸಮವಾಗುತ್ತದೆ ಎಂದೆಲ್ಲ ಅಂದುಕೊಂಡೆ. ಅವಳು ಬೈಯಲಿಲ್ಲ. "ಬಾಯಿ ಮಾತು ಮನೇಲಿ ನಡಿಯಕಿಲ್ಲ. ಬರ್ಕೊಡು" ಎಂದಳು.

ಇಲ್ಲಿ ನಾನು ದೊಡ್ಡವಳಾಗಿ ಕಾಣುವ ಹಾಗೆ ಬರೆಯಬಹುದಿತ್ತು. ಹಾಗಾಗಲಿಲ್ಲ. ಪೆನ್ನು ಹಿಡಿದು ನಾನು ಮೊದಲು ಯೋಚಿಸಿದ್ದು ನನ್ನ ಸೀಟಿನ ಬಗ್ಗೆ. ಕಾಲೇಜಿಗೆ ಸೇರಲು ಇಲಾಖೆಯಿಂದ ಸೇವಾ ಪ್ರಮಾಣಪತ್ರ ಬೇಕು. ರಿಜಿಸ್ಟರಿನಲ್ಲಿ ಬರೆದದ್ದು ಸುಳ್ಳೆಂದು ನನ್ನ ಕೈಯಾರೆ ಬರೆದುಕೊಟ್ಟ ಕಾಗದ ಅದೇ ಕಚೇರಿಗೆ ಹೋದರೆ ಪ್ರಮಾಣಪತ್ರವೂ ಇಲ್ಲ, ಸೀಟೂ ಇಲ್ಲ. 'ಎಳನೀರು ಕಾರಣವಲ್ಲ' ಎಂದಷ್ಟೇ ಬರೆದರೆ ಸಾಲದೇ? ಅವಳಿಗೆ ಓದಲು ಬರುವುದಿಲ್ಲ. ಈ ಯೋಚನೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ತಿಮ್ಮಕ್ಕ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ಬರೆದೆ. 'ಚಿಕ್ಕಣ್ಣನವರು ಈ ಆಸ್ಪತ್ರೆಯಲ್ಲಿಯೇ ತೀರಿಕೊಂಡಿದ್ದರು. ಇಲ್ಲಿಂದ ಹೊರಟ ಮೇಲೆ ಯಾರು ಏನು ಮಾಡಿದ್ದರೂ ಅದು ಅವರ ಸಾವಿಗೆ ಕಾರಣವಲ್ಲ.' ಸಹಿ ಹಾಕಿ ಸೀಲು ಒತ್ತಿದೆ.

"ಓದು" ಎಂದಳು. ಓದಿದೆ.

"ಇನ್ನೊಂದ್ಸಲ" ಎಂದಳು. ಮತ್ತೆ ಮೊದಲಿನಿಂದ ಓದಿದೆ. ಅವಳು ಬಾಗಿಲ ಕಡೆ ತಿರುಗಿ, "ನಾಗರಾಜ, ಬಾರ್ಲಾ ಒಳಕ್ಕೆ" ಎಂದು ಕರೆದು, "ಇವ್ನಿಗೂ ಓದು" ಎಂದಳು.

ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಎಳನೀರಿನ ಮಾತು ಎತ್ತುತ್ತಿದ್ದವನು ಈ ನಾಗರಾಜನೇ ಎಂದು ಆಮೇಲೆ ರಂಗಪ್ಪ ಹೇಳಿದ. ಆಗ ನನಗೆ ಗೊತ್ತಿರಲಿಲ್ಲ. ಅವನು ನಿಂತೇ ಕೇಳಿದ. ಕೇಳಿ, ಟವಲನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ. "ಅತ್ತಿಗೆ, ಎಳನೀರು ಕೆತ್ತಿಸ್ಕಂಡು ಬಂದಿದ್ದು ನಾನು. ಮಾಸ್ಕು ಎತ್ತಿ ಹಿಡ್ಕಂಡಿದ್ದೂ ನಾನು" ಎಂದ.

"ನಂಗೊತ್ತಿಲ್ವೇನ್ಲಾ. ನಡಿ, ಬಸ್ಸೋಯ್ತದೆ" ಎಂದಳು ತಿಮ್ಮಕ್ಕ. ಎಳನೀರಿನ ವಿಷಯದಲ್ಲಿ ಅಲ್ಲಿಯವರೆಗೆ ಅವಳು ಅವನ ಹೆಸರನ್ನು ಯಾರ ಮುಂದೆಯೂ ಎತ್ತಿರಲಿಲ್ಲ.

ಅವರು ಹೋದ ಮೇಲೆ ಮಧ್ಯಾಹ್ನ ಕೂತು ನಾಲ್ಕನೆಯ ಹೆಸರನ್ನು ಮೊದಲಿಗೆ ತಂದು ಪಟ್ಟಿ ಲಾಕ್ ಮಾಡಿದೆ. ಮಾವ ಫೋನ್ ಮಾಡಿದರು. "ಅಲ್ಲೇನು ಮಿಷಿನ್ನು ಜಾಸ್ತಿ ಇದಾವಾ?" ಎಂದರು. ಇಲ್ಲ, ಅಲ್ಲಿಯ ಡಾಕ್ಟರು ನೆಲದ ಮೇಲೆ ಕೂರುತ್ತಾರೆ ಎಂದೆ. ಕುರ್ಚಿಗೂ ಗತಿಯಿಲ್ಲದ ಕಾಲೇಜನ್ನು ಮೊದಲು ಹಾಕಿದಳು ಎಂದು ಅವರು ಅಪ್ಪನಿಗೆ ದೂರು ಹೇಳಿದರಂತೆ. ತಿಮ್ಮಕ್ಕನಿಗೆ ಬರೆದುಕೊಟ್ಟ ಕಾಗದದ ಸುದ್ದಿ ಹದಿನೈದು ದಿನದಲ್ಲಿ ಮೇಲಿನವರಿಗೆ ಮುಟ್ಟಿತು. ನೋಟಿಸ್ ಬಂತು. ಇದ್ದದ್ದನ್ನು ಇದ್ದ ಹಾಗೆ ಉತ್ತರ ಬರೆದೆ. ಪ್ರಮಾಣಪತ್ರ ಕೈಗೆ ಬಂದದ್ದು ಸೇರುವ ಕೊನೆಯ ದಿನ, ಅದೂ ಅಪ್ಪ ಆ ಕಚೇರಿಯ ಮೆಟ್ಟಿಲ ಮೇಲೆ ಮೂರು ದಿನ ಕೂತ ಮೇಲೆ.

ನನಗೆ ಸಿಕ್ಕಿದ್ದು ಆ ಮೊದಲನೆಯ ಕಾಲೇಜಲ್ಲ, ಪಟ್ಟಿಯಲ್ಲಿ ಆರನೆಯದು. ಸೇರಿದ ಮೊದಲ ವಾರದಲ್ಲೇ ನನ್ನ ಲೆಕ್ಕ ಎಷ್ಟು ತಪ್ಪಾಗಿತ್ತೆಂದು ತಿಳಿಯಿತು. ಎದೆ ನೋವಿನವರು, ಕಾಲು ಮುರಿದವರು ಮುಂದಕ್ಕೆ ಹೋಗುತ್ತಾರೆ ನಿಜ. ಸತ್ತವರನ್ನು ತೆಗೆದುಕೊಳ್ಳುವ ವಿಭಾಗ ಯಾವುದೂ ಇಲ್ಲ. ಅವರು ನಮ್ಮಲ್ಲೇ ಉಳಿಯುತ್ತಾರೆ, ಹೇಳುವವರೂ ನಾವೇ. ಈಗ ವಾರಕ್ಕೆ ಎರಡು ಮೂರು ಮನೆಗಳಿಗೆ ಹೇಳುತ್ತೇನೆ. ಚೆನ್ನಾಗಿ ಹೇಳುತ್ತೇನೆಂದು ಹೇಳಲಾರೆ. ಒಂದೊಂದು ದಿನ ಅರ್ಧಕ್ಕೇ ಮಾತು ನಿಂತುಹೋಗುತ್ತದೆ, ಎದುರಿಗಿದ್ದವರೇ ಮುಗಿಸುತ್ತಾರೆ.

ಈಗ ನನಗೂ ಜೂನಿಯರ್‌ಗಳು ಫೋನ್ ಮಾಡುತ್ತಾರೆ, ಯಾವ ಕಾಲೇಜನ್ನು ಮೇಲೆ ಹಾಕಲಿ ಅಕ್ಕ ಎಂದು. ಲಾಕ್ ಮಾಡುವ ಮೊದಲು ಒಂದು ದಿನ ಬಿಳಿ ಕೋಟು ಹಾಕಿಕೊಳ್ಳದೆ ಆ ಆಸ್ಪತ್ರೆಯ ಗೇಟಿನಲ್ಲಿ ಹೋಗಿ ನಿಲ್ಲಿ ಎನ್ನುತ್ತೇನೆ. ಅಳುತ್ತಾ ಹೊರಗೆ ಬರುವವರು ಎಲ್ಲ ಕಡೆಯೂ ಇರುತ್ತಾರೆ. ಏನಾಯಿತು ಎಂದು ಮೆಲ್ಲಗೆ ಕೇಳಿ. ಅವರಿಗೆ ಅದು ಗೊತ್ತಿದ್ದರೆ ಆ ಕಾಲೇಜನ್ನು ಮೇಲೆ ಹಾಕಿ. ಹೂಂ ಅಕ್ಕ ಎನ್ನುತ್ತಾರೆ ಜೂನಿಯರ್‌ಗಳು. ಆಮೇಲೆ ಹಾಸ್ಟೆಲ್ ಊಟ ಹೇಗಿದೆ ಎಂದು ಕೇಳುತ್ತಾರೆ. ಅದಕ್ಕೂ ನಿಜವನ್ನೇ ಹೇಳುತ್ತೇನೆ, ಚೆನ್ನಾಗಿಲ್ಲ.