ಒಂದು ಸಾಲು ತಪ್ಪಿದಾಗ

ಸೇಡಂ ಹತ್ತಿರ ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿದ್ದೆ. ವೈದ್ಯಕೀಯ ತಪಾಸಣೆಯ ವಿವರವನ್ನು ಎಕ್ಸೆಲ್‌ನಿಂದ ಎತ್ತಿ, ಚೆಂದದ ಟೇಬಲ್ ಮಾಡಿ, ಪ್ರತಿ ಸೂಪರ್‌ವೈಸರ್‌ಗೂ ಅವರವರ ವಿವರವನ್ನು ತಾನೇ ಇಮೇಲ್ ಕಳಿಸುವ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಬಟನ್ ಒತ್ತಿದೆ, ಎಲ್ಲವೂ ಹೋದವು. ಆಮೇಲೆ ನೋಡಿದರೆ ಹೆಸರಿಗೂ ವಿವರಕ್ಕೂ ಒಂದು ಸಾಲು ತಪ್ಪಿತ್ತು.

ಕೆಟ್ಟ ವರದಿಯೊಂದು ಹೋಗಿದ್ದ ಪ್ಯಾಕಿಂಗ್ ವಿಭಾಗಕ್ಕೆ ಓಡಿದೆ. ಸೂಪರ್‌ವೈಸರ್ ಶರಣಪ್ಪ ತಲೆ ಹಿಡಿದು ಕುಂತಿದ್ದರು. ಜೊತೆಗಾರ ಸೂಪರ್‌ವೈಸರ್ ಭೀಮರಾಯ ಶರಣಪ್ಪನವರಿಗೆ ನೀರು ಕುಡಿಸುತ್ತಿದ್ದರು.

"ನನ್ನ ಎದಿ ಎಕ್ಸ್‌ರೇದಾಗ ಕಲೆ ಅದಂತ್ರಿ," ಎಂದರು ಶರಣಪ್ಪ.

"ಅದು ನಿಮ್ದಲ್ರಿ! ತಪ್ಪು ನಂದು. ಮ್ಯಾಲಿನ ಹೆಸರಿನವರ ಸಾಲು ನಿಮಗ ಬಂದದ."

ಭೀಮರಾಯ ಜೋರಾಗಿ ನಕ್ಕರು. "ಭಾಳ ಹೆದರಿಸಿದ್ರಿ ನೋಡ್ರಿ! ಹಂಗಾದ್ರ ಅದು ಯಾರ್ದು?"

ಪಟ್ಟಿಯಲ್ಲಿ ಶರಣಪ್ಪನವರ ಮೇಲಿದ್ದ ಹೆಸರು ಭೀಮರಾಯರದೇ.

"ನೀವೂ ಕುಂದ್ರಿ," ಎಂದೆ. ಮ್ಯಾಕ್ರೋಗೆ ಒಂದು ಕ್ಷಣವೂ ಹಿಡಿಯದ ಮಾತನ್ನು ಹೇಳಿ ಮುಗಿಸಲು ನನಗೆ ಅರ್ಧ ಗಂಟೆ ಬೇಕಾಯಿತು.