ಅಕ್ಕ ಅಳಿಸಿದ ಮುಖ

ಈ ಸಲದ ಮಹಿಳಾ ದಿನದ ಬೆಳಿಗ್ಗೆ ನನ್ನ ಫೋನಿಗೊಂದು ಚಿತ್ರ ಬಂತು. ಸುತ್ತ ಗುಲಾಬಿ ಹೂ, ಮೂಲೆಯಲ್ಲಿ ಕೈಮುಗಿದು ನಿಂತ ನಮ್ಮೂರ ಸಂಘದ ಅಧ್ಯಕ್ಷ, ನಡುವೆ ನಮ್ಮ ಅಮ್ಮಿ. ಬುರ್ಖಾ ಇಲ್ಲ, ತಲೆ ಮೇಲೆ ಸೆರಗೂ ಇಲ್ಲ, ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ನೋಡಿದ ಕೂಡಲೇ ಸ್ಟುಡಿಯೋದ ಕನ್ನಡಿ ಮುಂದಿರುತ್ತಿದ್ದ ಪೌಡರಿನ ವಾಸನೆ ಮೂಗಿಗೆ ಬಂದಂತಾಯಿತು...

ಹುಣಸೂರಿನಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಸ್ಟುಡಿಯೋ ಅಕ್ಕ ಇದ್ದರು. ಭೇರ್ಯದ ಕಡೆಯ ಒಕ್ಕಲು ಮನೆತನದವರು. ಪಾಸ್‌ಪೋರ್ಟ್ ಸೈಜಿನ ಕೆಲಸವೆಲ್ಲ ಗಂಡನಿಗೆ ಬಿಟ್ಟು, ಬಿಡುವಾದಾಗ ಕ್ಯಾಮೆರಾ ಹೆಗಲಿಗೇರಿಸಿ ಬಸ್ ಹತ್ತುತ್ತಿದ್ದರು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ವಿಂಗಡಿಸುವವರು, ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯ ಅಜ್ಜಿಯರು, ಸ್ವೆಟರ್ ಮಾರುವ ಟಿಬೆಟಿನ ಹೆಂಗಸು, ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿ ಹಾಕುವವರು... ಹೆಂಗಸೆಂದರೆ ಮಲ್ಲಿಗೆ ಮುಡಿದು ರೇಷ್ಮೆ ಸೀರೆ ಉಟ್ಟವಳು ಮಾತ್ರ ಅಂದುಕೊಂಡವರನ್ನು ಕಂಡರೆ ಅಕ್ಕನಿಗೆ ಮೈ ಉರಿಯುತ್ತಿತ್ತು. "ನಮ್ ಸೀಮೆ ಹೆಂಗಸ್ರೆಲ್ಲ ಒಂದೇ ಗೋಡೆ ಮೇಲೆ ಇರ್ಬೇಕು ಕಣೇ" ಅನ್ನುತ್ತಿದ್ದರು ನನಗೆ.

ತೆಗೆದ ಫೋಟೋ ಅಲ್ಲೇ ತೋರಿಸಿ "ಆಗ್ಬೋದಾ?" ಅಂತ ಕೇಳುವುದು ಅವರ ಕ್ರಮ. ಬೇಡವೆಂದರೆ ಕಣ್ಣೆದುರೇ ಅಳಿಸುತ್ತಿದ್ದರು. ನಮ್ಮ ಬೀದಿಯ ಹೆಂಗಸರು ಹೋದರೆ ಗಂಡನನ್ನು ಟೀ ಅಂಗಡಿಗೆ ಅಟ್ಟಿ, ಶಟರ್ ಎಳೆದು, ಎರಡು ಫೋಟೋ ತೆಗೆಯುತ್ತಿದ್ದರು. ಬುರ್ಖಾ ಹಾಕಿದ್ದು ಗೋಡೆಗೆ, ತೆಗೆದದ್ದು ಅವರವರ ಪೆಟ್ಟಿಗೆಗೆ. ಬಟ್ಟೆ ಹೊಲಿಯುತ್ತಿದ್ದ ಅಮ್ಮಿ ಬುರ್ಖಾದಲ್ಲಿ ಕತ್ತರಿ ಹಿಡಿದು ನಿಂತಿದ್ದಳು. "ಗೋಡೆಗೆ ಇದೇ ಹಾಕು. ಕಣ್ಣು, ಕೈ, ಕತ್ತರಿ... ನಾನ್ಯಾರು ಅಂತ ಹೇಳೋಕೆ ಇಷ್ಟು ಸಾಕು" ಅಂದಳು.

ಅಮ್ಮಿಯ ಫೋಟೋ ತೆಗೆದ ವರ್ಷ, ಮಹಿಳಾ ದಿನಕ್ಕೆ ಪ್ರದರ್ಶನ ಮಾಡೋಣವೆಂದು ಸಂಘದ ಅಧ್ಯಕ್ಷ ಫೋಟೋ ಕೇಳಿಕೊಂಡು ಬಂದ. ಅಕ್ಕ ಊರಲ್ಲಿರಲಿಲ್ಲ. ಗಂಡ, ಪುಣ್ಯಾತ್ಮ, ಇದ್ದಬದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ, ಬೇಕಾದ್ದು ಆರಿಸಿಕೊಳ್ಳಿ ಅಂತ ಕೊಟ್ಟುಬಿಟ್ಟ. ಮರುದಿನ ಬಸ್ ಸ್ಟ್ಯಾಂಡಿನೆದುರು ಮನೆಯೆತ್ತರದ ಫ್ಲೆಕ್ಸ್. ಎಡಕ್ಕೆ ಬುರ್ಖಾದ ಅಮ್ಮಿ, ಬಲಕ್ಕೆ ನಗುವ ಅಮ್ಮಿ. ಮೇಲೆ ದಪ್ಪಕ್ಷರದಲ್ಲಿ: ಕತ್ತಲೆಯಿಂದ ಬೆಳಕಿಗೆ!

ಅಮ್ಮಿ ಬುರ್ಖಾ ಹಾಕಿಕೊಂಡು ಹೋಗಿ ತನ್ನದೇ ಮುಖದ ಕೆಳಗೆ ನಿಂತಳು. ನಾನು ಪಕ್ಕದಲ್ಲಿದ್ದೆ. "ನೋಡ್ಲಾ, ಎಂಗ್ ನಗ್ತಾವ್ಳೆ" ಅಂತ ಯಾರೋ ಹಲ್ಲು ಕಿರಿದರು. ಅಷ್ಟರಲ್ಲಿ ಕೋಟೆ ಬಸ್ಸಿನಿಂದಿಳಿದ ಅಕ್ಕ ತಲೆಯೆತ್ತಿ ನೋಡಿದರು. ಹಣ್ಣಿನ ಗಾಡಿಯವನ ಚಾಕು ಕಿತ್ತುಕೊಂಡು, ಅವನದೇ ಗಾಡಿ ಹತ್ತಿ ಫ್ಲೆಕ್ಸ್ ಹರಿಯತೊಡಗಿದರು. ಅಧ್ಯಕ್ಷ ಓಡಿ ಬಂದ. "ಮುಖಾನೇ ಕಾಣ್ದಿದ್ರೆ ಅದ್ಯಾವ್ ಸೀಮೆ ಫೋಟೋನಮ್ಮ? ನಾನ್ ಅವ್ರಿಗೆ ಒಳ್ಳೇದೇ ಮಾಡಿವ್ನಿ!"

ಒಳ್ಳೇದಂತೆ! ಅವನ ಒಳ್ಳೇತನಕ್ಕಿಷ್ಟು ಬೆಂಕಿ ಹಾಕ.

"ಈ ಸಲ ನನ್ನ ಕೇಳ್ಲೇ ಇಲ್ವಲ್ಲ ನೀನು" ಅಂದಳು ಅಮ್ಮಿ, ಅಕ್ಕನ ಕಡೆ ತಿರುಗಿ.

"ನಂಗೂ ಗೊತ್ತಿಲ್ದಂಗೆ ಆಗೋಯ್ತು ಆಪಾ..." ಅಂದರು ಅಕ್ಕ.

ಅಂದು ಸಂಜೆಯೇ ಅಕ್ಕ ಅಮ್ಮಿಯನ್ನು ಕೂರಿಸಿಕೊಂಡು ಕಂಪ್ಯೂಟರಿನಲ್ಲಿದ್ದ ಬುರ್ಖಾ ತೆಗೆದ ಫೋಟೋಗಳನ್ನೆಲ್ಲ ಒಂದೊಂದಾಗಿ ಅಳಿಸಿದರು. ಅಮ್ಮಿ ಪೆಟ್ಟಿಗೆಯಲ್ಲಿದ್ದ ತನ್ನ ಪ್ರತಿಯನ್ನೂ ಕತ್ತರಿಸಿ ಒಲೆಗೆ ಹಾಕಿದಳು. ಆಮೇಲೆ ಅಕ್ಕನ ಜೊತೆ ಮಾತಾಡಲಿಲ್ಲ. ನಮ್ಮ ಬೀದಿಯವರು ಯಾರೂ ಆ ಶಟರಿನೊಳಗೆ ಹೋಗಲಿಲ್ಲ. ತಪ್ಪು ಮಾಡಿದವನಿಗೆ ಶಾಲು, ಹಾರ. ಅಕ್ಕನಿಗೆ ಬೀಗ ಹಾಕಿದ ಸ್ಟುಡಿಯೋ. ಭೇರ್ಯಕ್ಕೆ ಹೋಗಿ ಅಲ್ಲೇ ತೀರಿಕೊಂಡರಂತೆ. ಸುದ್ದಿ ಕೇಳಿದ ಅಮ್ಮಿ ಹೊಲಿಗೆ ಮಿಷಿನ್ ನಿಲ್ಲಿಸಿದವಳು ಅವತ್ತು ಮತ್ತೆ ಅದನ್ನು ಮುಟ್ಟಲಿಲ್ಲ...

ಹೋದ ವರ್ಷ ಅಮ್ಮಿಯೂ ಹೋದಳು. ನಮ್ಮ ಮನೆಯಲ್ಲಿ ಉಳಿದಿರುವುದು, ಸ್ಟುಡಿಯೋ ಮುಚ್ಚಿದಾಗ ಅದರ ಗೋಡೆಯಿಂದ ಬಂದ ಬುರ್ಖಾದ ಆ ಒಂದು ಫೋಟೋ. ಆಧಾರ್ ಕಾರ್ಡಿನಲ್ಲಿರುವುದು ಯಾರೋ ಬೆದರಿದ ಮುದುಕಿ. ಪೆನ್‌ಡ್ರೈವಿನಲ್ಲಿ ಸಿಕ್ಕಿದ್ದ ನಗುವ ಅಮ್ಮಿಯನ್ನು ಇಷ್ಟು ವರ್ಷ ಇಟ್ಟುಕೊಂಡದ್ದು ಆ ಅಧ್ಯಕ್ಷನೊಬ್ಬನೇ.

ಅಳಿಸಬೇಕೆಂದು ದಿನಾ ಫೋನು ತೆಗೆಯುತ್ತೇನೆ. ಅಮ್ಮಿ ಇದ್ದಿದ್ದರೆ ಅಳಿಸು ಅಂತಲೇ ಹೇಳುತ್ತಿದ್ದಳು, ನನಗೆ ಗೊತ್ತು. ಆದರೂ ಅವನ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ, ಅಮ್ಮಿಯನ್ನು ನೋಡಿ, ಫೋನು ಕೆಳಗಿಡುತ್ತೇನೆ.