ಕೆಲಸಕ್ಕೆ ಜನ ಆರಿಸುವವನು

ನನ್ನ ತಮ್ಮ ಪುಕ್ಕಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಅವನು ಅಲ್ಲಗಳೆದಿಲ್ಲ. ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಕೆಲಸಕ್ಕೆ ಜನರನ್ನು ಆರಿಸುತ್ತಿದ್ದಾನೆ. ಮೇಲಿನವರಿಗೆ ಒಮ್ಮೆಯೂ ಎದುರಾಡಿದವನಲ್ಲ.

ತಪಾಸಣೆ ವಿಭಾಗಕ್ಕೆ ಬರುವವರಿಗೆ ಅವನದೇ ಒಂದು ಪರೀಕ್ಷೆಯಿದೆ. ತಟ್ಟೆಯಲ್ಲಿ ಹತ್ತು ಉಕ್ಕಿನ ರಿಂಗುಗಳನ್ನಿಟ್ಟು, ಅಳೆಯಲು ಮುಳ್ಳಿನ ಗೇಜು ಕೊಟ್ಟು, ಕೆಟ್ಟದ್ದನ್ನು ತೆಗೆದಿಡಿ ಎನ್ನುತ್ತಾನೆ. ಹತ್ತೂ ಸರಿಯಾಗಿಯೇ ಇರುತ್ತವೆ. ಕೆಲಸ ಸಿಗಲೆಂಬ ಆತುರಕ್ಕೆ ಹೆಚ್ಚಿನವರು ಯಾವುದೋ ಒಂದನ್ನು ಎತ್ತಿಡುತ್ತಾರೆ. ಅವರನ್ನು ಮನೆಗೆ ಕಳಿಸುತ್ತಾನೆ.

ಈಚೆಗೆ ಆರಿಸಿದವರೂ ನಿಲ್ಲುವುದಿಲ್ಲ. ಮೂರು ಕಡೆ ಒಪ್ಪಿಕೊಂಡು ನಾಲ್ಕನೆಯ ಕಡೆ ಸೇರುತ್ತಾರೆ. ಅದಕ್ಕೆಂದು ಕಂಪನಿ ಅರ್ಜಿಗಳಿಗೆ ಅಂಕ ಕೊಡುವ ಕಂಪ್ಯೂಟರ್ ವ್ಯವಸ್ಥೆ ತಂದಿದೆ. ತಮ್ಮನ ಪರೀಕ್ಷೆ ಮೊದಲ ಜರಡಿಯಾಗಿ ಮಾತ್ರ ಉಳಿದಿದೆ. ಆಯ್ಕೆಯಾದವರ ಪಟ್ಟಿ ಕಂಪ್ಯೂಟರಿನದು, ಸಹಿ ಮಾತ್ರ ಅವನದು.

ಕಳೆದ ವಾರ, ಮುಚ್ಚಿಹೋದ ಗಡಿಯಾರದ ಕಾರ್ಖಾನೆಯ ಹೆಂಗಸೊಬ್ಬಳು ಬಂದಳು. ವಯಸ್ಸು ನಲವತ್ತೇಳು. ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲಿ ಆರು ವರ್ಷ ಮನೆಯಲ್ಲೇ ಇದ್ದವಳು. ಒಂದೆರಡು ರಿಂಗು ಅಳೆದು, ಗೇಜನ್ನೇ ತಿರುಗಿಸಿ ನೋಡಿದಳಂತೆ.

"ಸಾರ್, ಬೇಜಾರು ಮಾಡ್ಕೋಬೇಡಿ. ಕೆಟ್ಟಿರೋದು ಇದೇ. ಮುಳ್ಳು ಸೊನ್ನೆಗೆ ವಾಪಸ್ ಬರ್ತಿಲ್ಲ."

"ಎಷ್ಟು ದಿನದಿಂದ ಹೀಗಿದೆಯಮ್ಮಾ?"

"ಅದನ್ನ ನೀವು ಹೇಳ್ಬೇಕು, ಸಾರ್."

ತಿಂಗಳುಗಳಿಂದ ಹಾಗಿತ್ತು. ಗೇಜು ತೋರಿಸಿದ್ದನ್ನು ನಂಬಿ ಪ್ರಾಮಾಣಿಕವಾಗಿ ರಿಂಗು ಎತ್ತಿಟ್ಟವರನ್ನೂ ಅವನು ಸುಳ್ಳರ ಜೊತೆಗೇ ಕಳಿಸಿಬಿಟ್ಟಿದ್ದ.

ಸಂಜೆ ಬಂದ ಪಟ್ಟಿಯಲ್ಲಿ ಆ ಹೆಂಗಸಿನ ಹೆಸರಿರಲಿಲ್ಲ. ಆರು ವರ್ಷ ಕೆಲಸವಿಲ್ಲದೆ ಇದ್ದುದಕ್ಕೆ ಕಂಪ್ಯೂಟರ್ ಅಂಕ ಕಳೆದಿತ್ತು. ಅವಳನ್ನು ಸೇರಿಸಬಹುದೇ ಎಂದು ಕೇಳಿದ್ದಕ್ಕೆ, ತಮ್ಮನ ಮಗನ ವಯಸ್ಸಿನ ಮ್ಯಾನೇಜರ್ ಹೇಳಿದ: "ಸೇರಿಸ್ಬೇಕು ಅಂದ್ರೆ ಬರವಣಿಗೆಯಲ್ಲಿ ಕಾರಣ ಕೊಡಿ, ಬೆಳಿಗ್ಗೆ ಒಳಗೆ. ಅನುಭವ ಗಿನುಭವ ಅಂತ ಬರೆದ್ರೆ ನಡೆಯಲ್ಲ."

ಮನೆಗೆ ಬಂದ ತಮ್ಮ ಬೂಟು ಕಳಚದೆ ನನ್ನ ಮೇಜಿನ ಮುಂದೆ ಕೂತ.

"ಅಕ್ಕ, ನಿಜ ಬರೆದ್ರೆ ನಾನು ಮಾಡಿದ ಆಯ್ಕೆಯೆಲ್ಲ ತಲೆಕೆಳಗಾಗುತ್ತೆ."

"ರಿಟೈರ್ ಆಗೋಕೆ ಎಷ್ಟಿದೆ?"

"ಎಂಟು ತಿಂಗಳು."

"ಹಾಗಾದ್ರೆ ಸಹಿ ಹಾಕಿ ಕೈತೊಳ್ಕೋ. ನಿಂಗೇನು ಹೊಸದಾ?"

ಅವನು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಬರೆದ: "ಗೇಜು ಕೆಟ್ಟಿತ್ತು. ಪರೀಕ್ಷಿಸದೆ ಬಳಸಿದವನು ನಾನು. ಕಂಡುಹಿಡಿದವರು ಇವರೊಬ್ಬರೇ." ಕೆಳಗೆ ಹೆಸರು, ಹುದ್ದೆ, ತಾರೀಖು.

ಮುಗಿಯಿತೆಂದುಕೊಂಡೆ. ಅವನು ಇನ್ನೊಂದು ಹಾಳೆ ಎಳೆದುಕೊಂಡು, ಮನೆಗೆ ಕಳಿಸಿದವರ ಹೆಸರುಗಳನ್ನು ನೆನಪಿನಿಂದಲೇ ಬರೆಯತೊಡಗಿದ. ಹನ್ನೊಂದನೆಯ ಹೆಸರಿನ ಹೊತ್ತಿಗೆ ಕತ್ತಲಾಗಿತ್ತು. ನಾನೇ ಎದ್ದು ದೀಪ ಹಾಕಿದೆ.